ಪೊಕೆಮಾನ್ ಗೋಲ್ಡ್: ವರ್ಷಗಳ ಆಟದ ನಂತರ

ನಿಂಟೆಂಡೊದ ಕೈಯಾಟದ ಸಾಧನ ಗೇಮ್ ಬಾಯ್ ಕಲರ್‌ಗಾಗಿ ತಯಾರಾದ, ಪೊಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿದು ಸಾಕಿ ಕಾದಾಡಿಸುವ ವಿಡಿಯೊ ಗೇಮ್ ಪೊಕೆಮಾನ್ ಗೋಲ್ಡ್ 1999ರ ನವೆಂಬರ್‌ನಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಬಿಡುಗಡೆಯಾಯಿತು. ಹಿಂದಿನ ರೆಡ್ ಮತ್ತು ಬ್ಲೂ ಆಟಗಳನ್ನು ಮುಗಿಸಿದವರಿಗೆ ಇದರ ಕಥೆಯಲ್ಲಿ ಹೊಸದೇನೂ ಸಿಗುವುದಿಲ್ಲ: ಸಣ್ಣ ಊರಿನಿಂದ ಹೊರಟ ಹುಡುಗ, ಮೂರರಲ್ಲಿ ಒಂದು ಪೊಕೆಮಾನ್‌ನ ಆಯ್ಕೆ, ಎಂಟು ಜಿಮ್‌ಗಳು (ನಾಯಕನನ್ನು ಸೋಲಿಸಬೇಕಾದ ಕಾಳಗದ ಅಖಾಡಗಳು), ಕೊನೆಗೆ ಚಾಂಪಿಯನ್. ಇದನ್ನು ಮತ್ತೆ ಮತ್ತೆ ಮೊದಲಿನಿಂದ ಆಡಲು ನನಗಿರುವ ಕಾರಣವೆಂದರೆ, ಹಳೆಯ ಆಟದಲ್ಲಿ ದಿನವೂ ಚುಚ್ಚುತ್ತಿದ್ದ ತೊಡಕುಗಳನ್ನು ತಯಾರಕರು ಒಂದೊಂದಾಗಿ ಹುಡುಕಿ ಸರಿಪಡಿಸಿರುವುದು.

ಅವುಗಳಲ್ಲಿ ಮುಖ್ಯವಾದದ್ದು ಕಾಳಗದ ಸಮತೋಲ. ರೆಡ್‌ನಲ್ಲಿ ಸೈಕಿಕ್ ವರ್ಗದ ಪೊಕೆಮಾನ್‌ಗಳಿಗೆ ಎದುರಾಳಿಯೇ ಇರಲಿಲ್ಲವೆನ್ನಬಹುದು. ಅವುಗಳನ್ನು ಮಣಿಸಬೇಕಿದ್ದ ಘೋಸ್ಟ್ ವರ್ಗದ ದಾಳಿ ಪ್ರೋಗ್ರಾಮ್‌ನಲ್ಲಿದ್ದ ದೋಷದಿಂದಾಗಿ ಅವುಗಳ ಮೇಲೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಅದರ ಮೇಲೆ, 'ಸ್ಪೆಷಲ್' ಎಂಬ ಒಂದೇ ಅಂಕಿ ದಾಳಿಗೂ ರಕ್ಷಣೆಗೂ ಅನ್ವಯಿಸುತ್ತಿದ್ದುದರಿಂದ 135ರ ಸ್ಪೆಷಲ್ ಇದ್ದ ಅಲಕಜಾಮ್ ಎಂಬ ಸೈಕಿಕ್ ಪೊಕೆಮಾನ್ ಹೊಡೆಯುವುದರಲ್ಲಿ ಎಷ್ಟು ಗಟ್ಟಿಯೋ ತಡೆಯುವುದರಲ್ಲಿಯೂ ಅಷ್ಟೇ ಗಟ್ಟಿಯಾಗಿತ್ತು. ಗೋಲ್ಡ್ ಈ ಅಂಕಿಯನ್ನು ಎರಡಾಗಿ ಒಡೆಯಿತು. ಅಲಕಜಾಮ್‌ನ ದಾಳಿ 135ರಲ್ಲೇ ಉಳಿಯಿತು, ರಕ್ಷಣೆ 85ಕ್ಕೆ ಇಳಿಯಿತು. ಘೋಸ್ಟ್ ದೋಷವೂ ಸರಿಹೋಯಿತು, ಸೈಕಿಕ್ ದಾಳಿ ತಾಗದ ಡಾರ್ಕ್ ಎಂಬ ಹೊಸ ವರ್ಗವೂ ಬಂತು. ಒಂದೇ ಪೊಕೆಮಾನ್ ನೆಚ್ಚಿಕೊಂಡು ಆಟ ಮುಗಿಸುವ ಅಭ್ಯಾಸವಿದ್ದವರು ಇಲ್ಲಿ ತಂಡ ಕಟ್ಟಲೇಬೇಕು.

ಬ್ಯಾಗ್‌ನ ವಿಷಯವನ್ನೂ ಹೇಳಬೇಕು. ಮೊದಲು ಔಷಧಿ, ಸೈಕಲ್, ಮೀನಿನ ಗಾಳ ಎಲ್ಲವೂ ಸೇರಿ 20 ಬಗೆಯ ವಸ್ತುಗಳಿಗಷ್ಟೇ ಜಾಗವಿತ್ತು. ಈಗ ನಾಲ್ಕು ಪ್ರತ್ಯೇಕ ಜೇಬುಗಳಿವೆ. ಮುಂದಿನ ಲೆವೆಲ್‌ಗೆ ಎಷ್ಟು ಬಾಕಿಯಿದೆ ಎಂಬುದು ಕಾಳಗದ ಪರದೆಯ ಮೇಲೆಯೇ ನೀಲಿ ಪಟ್ಟಿಯಾಗಿ ಕಾಣುತ್ತದೆ. ಆಟದೊಳಗಿನ ಫೋನ್ ಸೌಲಭ್ಯ ಮಾತ್ರ ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು. ಜೋಯಿ ಎಂಬ ಹುಡುಗ ತನ್ನ ರಟಾಟಾ ಎಂಬ ಪೊಕೆಮಾನ್‌ನ ಗುಣಗಾನಕ್ಕೆಂದೇ ಕರೆ ಮಾಡುತ್ತಿರುತ್ತಾನೆ, ಅದೂ ಗುಹೆಯಿಂದ ಆಗಷ್ಟೇ ಹೊರಬಂದ ಹೊತ್ತಿಗೆ.

ಆಟದ ಜೀವಾಳ ಕಾರ್ಟ್ರಿಜ್‌ನೊಳಗಿನ (ಸಾಧನಕ್ಕೆ ಸಿಕ್ಕಿಸುವ, ಆಟವಿರುವ ಡಬ್ಬಿಯೊಳಗಿನ) ಗಡಿಯಾರ. ನಿಮ್ಮ ಕೋಣೆಯಲ್ಲಿ ರಾತ್ರಿಯಾದರೆ ಆಟದಲ್ಲಿಯೂ ರಾತ್ರಿ. ಹೂಟ್‌ಹೂಟ್ ಎಂಬ ಪೊಕೆಮಾನ್ ಆಗಲೇ ಸಿಗುವುದು. ಯೂನಿಯನ್ ಕೇವ್ ಎಂಬ ಗುಹೆಯ ತಳದಲ್ಲಿ ಲಾಪ್ರಾಸ್ ಶುಕ್ರವಾರ ಮಾತ್ರ ಕಾಣಿಸಿಕೊಳ್ಳುತ್ತದೆ. ಕೀಟ ಹಿಡಿಯುವ ಸ್ಪರ್ಧೆ ಮಂಗಳವಾರ, ಗುರುವಾರ, ಶನಿವಾರ ನಡೆಯುತ್ತದೆ. ಅಕ್ಕರೆಯಿಂದ ಬೆಳೆಸಿದ ಈವೀ ಹಗಲಿನಲ್ಲಿ ಲೆವೆಲ್ ಏರಿದರೆ ಎಸ್ಪಿಯಾನ್, ರಾತ್ರಿ ಏರಿದರೆ ಅಂಬ್ರಿಯಾನ್ ಆಗುತ್ತದೆ. ಒಂದೇ ಓಟದಲ್ಲಿ ಮುಗಿಸಿ ಎತ್ತಿಡುವ ಬದಲು ದಿನಕ್ಕಿಷ್ಟು ಎಂದು ಆಡುವಂತೆ ಮಾಡುವುದು ಈ ಏರ್ಪಾಟೇ.

ಆದರೆ ಕಾರ್ಟ್ರಿಜ್‌ಗೆ ಕಂಟಕವೂ ಇದರಿಂದಲೇ. ಗಡಿಯಾರವೂ ಸೇವ್ (ಆಟದ ಪ್ರಗತಿಯ ದಾಖಲೆ) ಕೂಡ ಒಂದೇ ನಾಣ್ಯದಾಕಾರದ ಬ್ಯಾಟರಿಯ ಮೇಲೆ ನಿಂತಿವೆ. ಆಟ ಆಡದಿದ್ದಾಗಲೂ ಗಡಿಯಾರ ನಡೆಯುತ್ತಲೇ ಇರುವುದರಿಂದ, ಸೇವ್‌ಗಷ್ಟೇ ಬ್ಯಾಟರಿ ಬಳಸುವ ರೆಡ್‌ಗಿಂತ ಇದರ ಬ್ಯಾಟರಿ ಬೇಗ ಬರಿದಾಗುತ್ತದೆ, ಬರಿದಾದ ದಿನ ಸಾಕಿದ ಪೊಕೆಮಾನ್‌ಗಳೆಲ್ಲ ಅಳಿಸಿಹೋಗುತ್ತವೆ. ನನ್ನ ಪ್ರತಿಗೂ ಅದೇ ಗತಿಯಾಯಿತು. ಬೆಸುಗೆ ಹಾಕಲು ಲೋಹದ ಪಟ್ಟಿ ಅಂಟಿಸಿಯೇ ಬರುವ ಸಿಆರ್2025 ಬ್ಯಾಟರಿಯನ್ನು ರಿಪೇರಿಯವರಿಂದ ಹಾಕಿಸಿದ ಮೇಲೆ ಕಾರ್ಟ್ರಿಜ್ ಮತ್ತೆ ನಡೆಯಿತು, ಹಳೆಯ ಸೇವ್ ಬರಲಿಲ್ಲ.

ಇನ್ನು ನಿಜವಾದ ಕುಂದು ಲೆವೆಲ್‌ಗಳ ಹಂಚಿಕೆ. ಚಾಂಪಿಯನ್ ಲ್ಯಾನ್ಸ್‌ನ ಅತ್ಯಂತ ಬಲಿಷ್ಠ ಡ್ರ್ಯಾಗನೈಟ್ 50ನೇ ಲೆವೆಲ್‌ನಲ್ಲಿದೆ. ಅನಂತರ ಹಿಂದಿನ ಆಟದ ಕ್ಯಾಂಟೊ ಪ್ರಾಂತ್ಯವೇ ತೆರೆದುಕೊಂಡು ಇನ್ನೂ ಎಂಟು ಜಿಮ್‌ಗಳು ಸಿಗುತ್ತವೆ. ಇಷ್ಟು ಉದಾರವಾದ ಉಡುಗೊರೆ ಆ ಕಾಲದಲ್ಲಿ ಅಪರೂಪ. ಆದರೆ ಅಲ್ಲಿನ ಕೊನೆಯ ಜಿಮ್‌ನಲ್ಲಿರುವ, ಹಿಂದಿನ ಆಟದ ಪ್ರತಿಸ್ಪರ್ಧಿ ಬ್ಲೂ ಎಂಬವನ ತಂಡ 58ಕ್ಕೆ ನಿಲ್ಲುತ್ತದೆ, ಸಿಲ್ವರ್ ಪರ್ವತದ ಮೇಲೆ ಕಾದಿರುವ, ಹಿಂದಿನ ಆಟದ ನಾಯಕ ರೆಡ್ ಎಂಬವನ ಪಿಕಾಚು 81ರಲ್ಲಿದೆ. ಈ ಅಂತರವನ್ನು ತುಂಬಲು ತಕ್ಕ ಎದುರಾಳಿಗಳಿಲ್ಲದೆ ಅದೇ ಕಾಡು ಪೊಕೆಮಾನ್‌ಗಳನ್ನು ಸೋಲಿಸುತ್ತ ಕೂರಬೇಕಾಗುತ್ತದೆ. ಹೊಸದಾಗಿ ಸೇರಿಸಿದ 100 ಪೊಕೆಮಾನ್‌ಗಳಲ್ಲಿ ಕೆಲವನ್ನು ಬಹಳ ಹಿಂದಕ್ಕೆ ತಳ್ಳಿರುವುದೂ ನನಗೆ ಸರಿಕಾಣುವುದಿಲ್ಲ. ಡಾರ್ಕ್ ವರ್ಗವನ್ನು ಅಷ್ಟು ಮುತುವರ್ಜಿಯಿಂದ ರೂಪಿಸಿ, ಹೌಂಡೂರ್ ಮತ್ತು ಮರ್ಕ್ರೋವನ್ನು ಚಾಂಪಿಯನ್ ಸೋತ ಮೇಲೆ ಕ್ಯಾಂಟೊದ ರಾತ್ರಿಗಳಲ್ಲಿ ಮಾತ್ರ ಸಿಗುವಂತೆ ಇಟ್ಟರೆ ಯಾರಿಗೆ ಪ್ರಯೋಜನ?

ಈಗ ಆರಂಭಿಸುವವರು ನಿಂಟೆಂಡೊ ಡಿಎಸ್‌ಗಾಗಿ 2009ರಲ್ಲಿ ಬಂದ ಮರುರೂಪ ಹಾರ್ಟ್‌ಗೋಲ್ಡ್‌ ಅನ್ನು ಆರಿಸಿಕೊಂಡರೆ ನೋಟವೂ ಸೌಕರ್ಯವೂ ಹೆಚ್ಚು, ಆದರೆ ಲೆವೆಲ್‌ಗಳ ಕಂದಕ ಅಲ್ಲಿಯೂ ಇದೆ. ನಿಂಟೆಂಡೊದ ಇನ್ನೊಂದು ಸಾಧನ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದ್ದರಿಂದ ಗೋಲ್ಡ್‌ನ ಡೌನ್‌ಲೋಡ್ ಆವೃತ್ತಿಯನ್ನು ಹೊಸದಾಗಿ ಕೊಳ್ಳುವಂತಿಲ್ಲ. ಹಳೆಯ ಕಾರ್ಟ್ರಿಜ್ ಕೊಳ್ಳುವುದಾದರೆ ಹೊರಗಿನ ಸ್ಟಿಕರ್ ನೋಡಿ ಹಣ ಕೊಡಬೇಡಿ. ಹೊಸ ಆಟ ಆರಂಭಿಸಿ, ಗಡಿಯಾರ ಹೊಂದಿಸಿ, ಸೇವ್ ಮಾಡಿ ಸಾಧನ ಆಫ್ ಮಾಡಿ, ಮರುದಿನ ಸೇವ್ ಉಳಿದಿದೆಯೇ, ಸಮಯ ಸರಿಯಿದೆಯೇ ಎಂದು ನೋಡಿದ ಮೇಲೆಯೇ ವ್ಯವಹಾರ ಮುಗಿಸಿ.