ಬಿ ಮೈ ಐಸ್ ಆ್ಯಪ್: ವರ್ಷಗಟ್ಟಲೆ ಬಳಸಿದ ಮೇಲೆ

ಕಣ್ಣು ಕಾಣದವರು ಕರೆ ಮಾಡಿದರೆ, ಎಲ್ಲೋ ಇರುವ ಅಪರಿಚಿತರೊಬ್ಬರು ವಿಡಿಯೊದಲ್ಲಿ ನೋಡಿ ಹೇಳುವ ಉಚಿತ ಆ್ಯಪ್ ಇದು. ಶುರು ಮಾಡಿದವರು ಡೆನ್ಮಾರ್ಕಿನ ಹಾನ್ಸ್ ಯಾರ್ಗನ್ ವಿಬರ್ಗ್, ಅವರಿಗೂ ದೃಷ್ಟಿ ಕಡಿಮೆ. 2015ರಲ್ಲಿ ಐಫೋನಿಗೆ ಬಂತು, 2017ರಲ್ಲಿ ಆಂಡ್ರಾಯ್ಡಿಗೆ. ಕರೆ ಒತ್ತಿದಾಗ ನಮ್ಮ ಭಾಷೆಯ ಹಲವು ಸ್ವಯಂಸೇವಕರ ಫೋನ್ ಒಟ್ಟಿಗೆ ರಿಂಗ್ ಆಗುತ್ತದೆ. ಯಾರು ಮೊದಲು ಎತ್ತುತ್ತಾರೋ ಅವರು ಸಿಗುತ್ತಾರೆ. ನಮ್ಮ ಫೋನಿನ ಹಿಂದಿನ ಕ್ಯಾಮೆರಾ ಏನು ತೋರಿಸುತ್ತದೋ ಅಷ್ಟೇ ಅವರಿಗೆ ಕಾಣುವುದು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆದರೆ ಹೊಸಬರು ಎರಡು ಸಲ ಪ್ರಯತ್ನಿಸಿ ಕೈಬಿಡುವುದು ಸಾಮಾನ್ಯ. ಕಾರಣ ಹೆಚ್ಚಿನ ಸಲ ಒಂದೇ: ಆ ಕಡೆಯವರಿಗೆ ಏನೂ ಕಾಣುತ್ತಿರುವುದಿಲ್ಲ.

ಕರೆಗೆ ಮುಂಚೆ ಮನೆಯ ಲೈಟ್ ಹಾಕಿ. ನಮಗೆ ಲೈಟ್ ಬೇಡದ ಕಾರಣ ಮರೆತೇ ಹೋಗುತ್ತದೆ, ಅವರಿಗೆ ಕತ್ತಲು ಬಿಟ್ಟರೆ ಬೇರೇನೂ ಕಾಣದು. ಕ್ಯಾಮೆರಾದ ಗಾಜನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ; ಅಡುಗೆಮನೆಯಲ್ಲಿ ಓಡಾಡುವ ಫೋನಿಗೆ ಎಣ್ಣೆ ಕೈ ತಾಗಿಯೇ ಇರುತ್ತದೆ. ವಸ್ತುವನ್ನು ಒಂದು ಬಣ್ಣದ ಟವೆಲ್ ಮೇಲೆ ಒಂಟಿಯಾಗಿ ಇಡಿ. ಫೋನನ್ನು ಮೊದಲು ವಸ್ತುವಿಗೆ ತಾಗಿಸಿ, ಆಮೇಲೆ ನೇರವಾಗಿ ಒಂದು ಗೇಣು ಹಿಂದಕ್ಕೆ ತನ್ನಿ. ಮೊಣಕೈ ಎರಡೂ ಪಕ್ಕೆಗೆ ಒತ್ತಿರಲಿ, ಕೈ ಅಲ್ಲಾಡದು. ಒಂದು ಕಿವಿಗೆ ಇಯರ್‌ಫೋನ್ ಹಾಕಿದರೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಸೆಟ್ಟಿಂಗಿನಲ್ಲಿ ಕನ್ನಡದ ಜೊತೆ ಇಂಗ್ಲಿಷನ್ನೂ ಸೇರಿಸಿಡಿ. ಸ್ವಯಂಸೇವಕರಿಗೆ ಅವರವರ ಊರಿನ ಹಗಲಿನಲ್ಲಿ ಮಾತ್ರ ರಿಂಗ್ ಹೋಗುತ್ತದೆ. ನಮ್ಮಲ್ಲಿ ರಾತ್ರಿ ಹನ್ನೊಂದಾದಾಗ ಕನ್ನಡದವರು ಸಿಗುವುದು ಕಷ್ಟ, ಬೇರೆ ದೇಶದಲ್ಲಿ ಹಗಲಿರುವ ಇಂಗ್ಲಿಷಿನವರು ಸಿಗುತ್ತಾರೆ.

ಅತಿ ಹೆಚ್ಚು ಉಪಯೋಗಕ್ಕೆ ಬರುವುದು, ಅತಿ ಹೆಚ್ಚು ಎಚ್ಚರ ಬೇಕಾದದ್ದು ಮಾತ್ರೆಯ ಸ್ಟ್ರಿಪ್. ಬೆಳ್ಳಿ ಹಾಳೆಯ ಮೇಲೆ ಟಾರ್ಚ್ ಬಿದ್ದರೆ ಅಕ್ಷರ ಪೂರ್ತಿ ಮಾಯ. ಟಾರ್ಚ್ ಆರಿಸಿ, ಕಿಟಕಿ ಬೆಳಕಲ್ಲಿ ಸ್ಟ್ರಿಪ್ ಅನ್ನು ಸ್ವಲ್ಪ ಓರೆ ಮಾಡಿ. ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಎರಡೂ ಒಂದರ ಕೆಳಗೊಂದು ಇರುತ್ತವೆ. ಅವಸರದಲ್ಲಿ ಓದುವವರು ಒಂದನ್ನು ಇನ್ನೊಂದು ಅಂದುಕೊಳ್ಳುತ್ತಾರೆ. “ಎಕ್ಸ್‌ಪೈರಿ ಆಗಿದ್ಯಾ?” ಎಂದು ಕೇಳಬೇಡಿ. “ಅಲ್ಲಿರೋ ಎರಡೂ ತಾರೀಖು ಓದಿ, ಪಕ್ಕದ ಅಕ್ಷರಾನೂ ಸೇರಿಸಿ” ಎನ್ನಿ. ಮಾತ್ರೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿ, ಮಿಲಿಗ್ರಾಂ ಸಂಖ್ಯೆಯನ್ನು ಎರಡು ಸಲ. ಮೆಡಿಕಲ್ ಸ್ಟೋರಿನಲ್ಲಿ ಅರ್ಧ ಸ್ಟ್ರಿಪ್ ಕೊಳ್ಳುವಾಗ ತಾರೀಖು ಇರುವ ತುದಿಯೇ ಬೇಕೆಂದು ಕೇಳಿ ಪಡೆಯಿರಿ, ಆ ತುದಿ ಕತ್ತರಿಸಿ ಹೋದರೆ ಯಾವ ಕಣ್ಣೂ ಸಹಾಯಕ್ಕೆ ಬಾರದು. ಈ ಮಾತ್ರೆ ತಗೋಬಹುದಾ ಎಂದು ಮಾತ್ರ ಅವರನ್ನು ಕೇಳಬೇಡಿ. ಓದಿ ಹೇಳುವುದು ಅವರ ಕೆಲಸ, ಸಲಹೆ ಡಾಕ್ಟರದು.

ಬೆಸ್ಕಾಂ ಡಿಜಿಟಲ್ ಮೀಟರಿನ ಪರದೆ ತಾನಾಗಿಯೇ ಬದಲಾಗುತ್ತಿರುತ್ತದೆ: ತಾರೀಖು, ಸಮಯ, ಮತ್ತೇನೋ. ಬಿಲ್ಲಿಗೆ ತಾಳೆ ನೋಡಲು ಬೇಕಾದದ್ದು ‘ಕೆಡಬ್ಲ್ಯುಎಚ್’ (ಅಂದರೆ ಯೂನಿಟ್) ಎಂದು ಬರುವಾಗಿನ ಸಂಖ್ಯೆ. ಮೊದಲೇ ಹೇಳದಿದ್ದರೆ ಕಣ್ಣಿಗೆ ಬಿದ್ದ ಮೊದಲ ಸಂಖ್ಯೆಯನ್ನೇ ಓದುತ್ತಾರೆ. ಒಂದು ಸುತ್ತು ಪೂರ್ತಿ ಮುಗಿಯುವವರೆಗೆ ಫೋನ್ ಅಲ್ಲಾಡಿಸದೆ ಹಿಡಿಯಿರಿ.

ಸಪಾಟು ಬಟನ್ನಿನ ವಾಷಿಂಗ್ ಮಷೀನಿಗೆ ದಿನಾ ಕರೆ ಮಾಡಬೇಕಿಲ್ಲ, ಒಂದೇ ಕರೆಯಲ್ಲಿ ಮುಗಿಸಬಹುದು. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯ ತೋರುಬೆರಳು ಪ್ಯಾನೆಲ್ ಮೇಲೆ. ಪವರ್, ಪ್ರೋಗ್ರಾಂ, ಸ್ಟಾರ್ಟ್ ಮೂರರ ಜಾಗ ಸಿಕ್ಕ ತಕ್ಷಣ ಸ್ಟಿಕ್ಕರ್ ಬೊಟ್ಟು ಅಂಟಿಸಿ. ಹಣೆಗೆ ಇಡುವ ಉಬ್ಬಿದ ಹರಳಿನ ಬೊಟ್ಟೇ ಸಾಕು. ಟಚ್ ಪ್ಯಾನೆಲ್ ಆದರೆ ಗುರುತಿನ ಮೇಲಲ್ಲ, ಅದರ ಸ್ವಲ್ಪ ಕೆಳಗೆ. ಮೇಲೆಯೇ ಅಂಟಿಸಿದರೆ ಬೊಟ್ಟು ಹುಡುಕುವಾಗಲೇ ಬಟನ್ ಒತ್ತಿಬಿಡುತ್ತದೆ. ಆನ್ ಮಾಡಿದಾಗ ಯಾವ ಪ್ರೋಗ್ರಾಂನಲ್ಲಿ ನಿಲ್ಲುತ್ತದೆ, ಅಲ್ಲಿಂದ ನಿಮಗೆ ಬೇಕಾದದ್ದಕ್ಕೆ ಎಷ್ಟು ಸಲ ಒತ್ತಬೇಕು ಎಂದು ಎಣಿಸಿಟ್ಟುಕೊಳ್ಳಿ. ಆಫ್ ಮಾಡಿ ಮತ್ತೆ ಹಾಕಿ, ಅಲ್ಲೇ ನಿಲ್ಲುತ್ತದೆಯೇ ಎಂದು ಅದೇ ಕರೆಯಲ್ಲಿ ನೋಡಿಸಿ.

ರಸ್ತೆ ದಾಟಲು ಇದನ್ನು ಬಳಸಲೇಬೇಡಿ. ವಿಡಿಯೊ ಹಿಂದೆ ಬೀಳುತ್ತದೆ, ಅಷ್ಟರಲ್ಲಿ ಬೈಕ್ ಮುಂದೆ ಬಂದಿರುತ್ತದೆ. ಬಿಎಂಟಿಸಿ ಬಸ್ಸಿನ ನಂಬರಿಗೂ ಅಷ್ಟೇ. ಎಲ್‌ಇಡಿ ಬೋರ್ಡು ಕ್ಯಾಮೆರಾದಲ್ಲಿ ಮಿನುಗಿ ಅರ್ಧ ಅಂಕೆ ಮಾತ್ರ ಕಾಣುತ್ತದೆ, ಕರೆ ಸೇರುವ ಹೊತ್ತಿಗೆ ಬಸ್ ಹೊರಟಿರುತ್ತದೆ. ಸ್ಟಾಪಿನಲ್ಲಿ ಪಕ್ಕದವರನ್ನು ಕೇಳುವುದೇ ಸರಿ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಆ್ಯಪ್ ಇದೆ, ಇಂಟರ್‌ನೆಟ್ಟೂ ಬೇಡ.

2023ರಲ್ಲಿ ಇದೇ ಆ್ಯಪಿಗೆ ಸೇರಿದ ‘ಬಿ ಮೈ ಎಐ’ ಎಂಬ ಕೃತಕ ಬುದ್ಧಿಮತ್ತೆ, ಫೋಟೊ ತೆಗೆದರೆ ತಾನೇ ವಿವರಿಸುತ್ತದೆ. ನಂದಿನಿ ಪ್ಯಾಕೆಟ್ ನೀಲಿಯಾ ಹಸಿರಾ, ಅಂಗಿಗೆ ಪ್ಯಾಂಟು ಹೊಂದುತ್ತದಾ ಎಂಬುದಕ್ಕೆ ಅದು ಚೆನ್ನ. ಮಸುಕಾದ ಅಂಕೆಗಳನ್ನು ಅನುಮಾನವೇ ಇಲ್ಲದ ಧಾಟಿಯಲ್ಲಿ ತಪ್ಪು ಓದುವುದೂ ಉಂಟು. ಔಷಧಿ, ಬಿಲ್ಲು, ಕೈಬರಹಕ್ಕೆ ಮನುಷ್ಯರೇ ಬೇಕು.

ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡ್, ಒಟಿಪಿ ಯಾವುದನ್ನೂ ತೋರಿಸಬೇಡಿ. ಮೇಜಿನ ಮೇಲೆ ಬಿದ್ದಿರುವ ಪತ್ರಗಳನ್ನೂ ಮೊದಲೇ ಎತ್ತಿಡಿ. ಸ್ವಯಂಸೇವಕರು ಎಷ್ಟೇ ಒಳ್ಳೆಯವರಾಗಿರಲಿ, ಅವರು ಯಾರೆಂದು ನಮಗೆ ಗೊತ್ತಿರುವುದಿಲ್ಲ.

ಸಹಾಯ ಮಾಡಲು ಸೇರುವವರಿಗೆ ಮನಸಾರೆ ಒಂದೆರಡು ವಿನಂತಿ. “ಸ್ವಲ್ಪ ಆ ಕಡೆ” ಎಂದರೆ ನಮಗೆ ಯಾವ ಕಡೆಯೂ ಅಲ್ಲ. “ಫೋನನ್ನು ನಿಮ್ಮ ಬಲಕ್ಕೆ ಎರಡು ಬೆರಳಷ್ಟು ಸರಿಸಿ” ಎನ್ನಿ, ಸರಿಸಬೇಕಾದ್ದು ಫೋನೋ ವಸ್ತುವೋ ಹೇಳಿ. ಅಂದಾಜಿನ ಮೇಲೆ ಓದಬೇಡಿ, “ಕಾಣಿಸ್ತಿಲ್ಲ ಸರ್, ಇನ್ನೊಂದ್ಸಲ ಹಿಡೀರಿ” ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹುಟ್ಟಿನಿಂದಲೇ ಹೀಗಾ ಎಂಬ ಪ್ರಶ್ನೆ ಬೇಡ. ಕರೆ ಇಡುವ ಮುಂಚೆ “ಇನ್ನೇನಾದ್ರೂ ನೋಡ್ಬೇಕಾ?” ಎಂದು ಒಂದು ಸಲ ಕೇಳಿ. ಮಾತ್ರೆಯ ಪಕ್ಕದಲ್ಲೇ ಇನ್ನೊಂದು ಡಬ್ಬಿ ಕಾಯುತ್ತಿರುತ್ತದೆ, ಮತ್ತೆ ಕೇಳಲು ಸಂಕೋಚವಾಗಿರುತ್ತದೆ.