ಉಡುಪಿಯ ಮನೆಗೆ ಯಾವ ನೆಲಹಾಸು: ನವಲಗುಂದದ ಜಮಖಾನವೋ, ಕಾಶ್ಮೀರದ ಗಲೀಚೆಯೋ?

ಪ್ರವಾಸ ಹೋದಲ್ಲಿ ಕೈನೆಯ್ಗೆಯ ನೆಲಹಾಸು ಕೊಳ್ಳುವ ಕರಾವಳಿಯವರು ಬಣ್ಣ, ಬೆಲೆಗಳಿಗಿಂತ ಮೊದಲು ನಮ್ಮ ಮಳೆಗಾಲವನ್ನು ನೆನೆಯಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿಯಲ್ಲಿ, ಕಡಲಗಾಳಿ ತಾಗುವ ನಮ್ಮ ಮನೆಯಲ್ಲಿ ನವಲಗುಂದದ ಹತ್ತಿಯ ಜಮಖಾನ, ಕಾಶ್ಮೀರದ ಗಂಟುನೆಯ್ಗೆಯ ಗಲೀಚೆ ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಒಲವು ಜಮಖಾನದ ಕಡೆಗಿದೆ.

ಕುಸುರಿಯ ಮಾತಾದರೆ ಗಲೀಚೆಗೆ ಸಾಟಿಯಿಲ್ಲ. 'ತಾಲೀಮ್' ಎಂಬ ಸಂಕೇತಲಿಪಿಯಲ್ಲಿ ಬರೆದಿಟ್ಟ ವಿನ್ಯಾಸವನ್ನು ಓದುತ್ತ ನೇಕಾರರು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ಒಂದೊಂದೇ ಗಂಟು ಹಾಕುತ್ತಾರೆ. ಚದರ ಅಂಗುಲಕ್ಕೆ 18 × 18 ಎಂದರೆ 324 ಗಂಟು; ಗಂಟು ದಟ್ಟವಾದಷ್ಟೂ ಕುಸುರಿ ನಯ. ಆದ್ದರಿಂದ ಶ್ರೀನಗರದ ಪೇಟೆಯಲ್ಲಿ ಮೇಲ್ಮೈಯ ಹೊಳಪಿಗೆ ಮನಸೋಲುವ ಮೊದಲು ಗಲೀಚೆಯನ್ನು ಮಗುಚಿ ನೋಡಬೇಕು: ಹಿಂಬದಿಯಲ್ಲಿ ಗಂಟುಗಳು ಎಣಿಸುವಷ್ಟು ಸ್ಪಷ್ಟವಾಗಿರಬೇಕು, ಅಂಚಿನ ಕುಚ್ಚು ಹಾಸಿನ ಎಳೆಗಳಿಂದಲೇ ಬಂದಿರಬೇಕು. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಗಂಟಿನ ಕೆಲಸವಲ್ಲ. ರೇಷ್ಮೆಯೆಂದು ಹೇಳಿದರೆ ಒಂದೆಳೆ ಸುಟ್ಟು ತೋರಿಸಲು ಕೇಳಬಹುದು. ಕಾಗದ ಸುಟ್ಟ ವಾಸನೆ ಬಂದರೆ ಅದು ರೇಷ್ಮೆಯಲ್ಲ. ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಸೂಚಕ) ಗುರುತಿನ ಕ್ಯೂಆರ್ ಚೀಟಿಯಿದ್ದರೆ ಇನ್ನೂ ಒಳ್ಳೆಯದು. ಚೌಕಾಸಿ ಅಲ್ಲಿ ವ್ಯಾಪಾರದ ರೀತಿಯೇ ಆಗಿದೆ.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಅಂಥ ಅಂಗಡಿಸಾಲುಗಳಿಲ್ಲ. ಮನೆಯೊಳಗಿನ ನಿಲುವು ಮಗ್ಗದಲ್ಲಿ ಹೆಂಗಸರೇ ಹತ್ತಿಯ ನೂಲಿನಿಂದ ನೇಯುವ ಈ ಜಮಖಾನಕ್ಕೂ ಜಿಐ ಮಾನ್ಯತೆಯಿದೆ. ನವಿಲು, ಪಗಡೆಹಾಸಿನ ಚಿತ್ತಾರಗಳು ಇದರ ಗುರುತು. ಒದ್ದೆ ಬಿಳಿಬಟ್ಟೆಯಿಂದ ಮೂಲೆಯೊಂದನ್ನು ಉಜ್ಜಿ ಬಣ್ಣ ಬಿಡುವುದೋ ಎಂದು ನೋಡಿದರೆ ಪರೀಕ್ಷೆ ಮುಗಿಯಿತು. ನೇಯುವ ಕೈಗಳು ಬೆರಳೆಣಿಕೆಗೆ ಇಳಿಯುತ್ತಿರುವ ಈ ಊರಿನಲ್ಲಿ ಚೌಕಾಸಿ ಮಾಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಗೆ ತಂದ ಮೇಲಿನ ವ್ಯತ್ಯಾಸವೇ ನನಗೆ ನಿರ್ಣಾಯಕವಾಯಿತು. ಉಣ್ಣೆಯ ದಪ್ಪ ಗಲೀಚೆ ಹೀರಿದ ತೇವವನ್ನು ಬೇಗ ಬಿಡುವುದಿಲ್ಲ. ವಾಸನೆ ಬರುತ್ತದೆ, ಹುಳುವಿನ ಭಯವೂ ಉಂಟು. ಜಮಖಾನವೂ ಬೂಷ್ಟು ಹಿಡಿಯಬಲ್ಲದು, ಆದರೆ ತೆಳುವಾದ್ದರಿಂದ ಜೋರು ಮಳೆಯ ಆಟಿ ತಿಂಗಳ ನಡುವೆ ಒಂದು ಹೊತ್ತು ಬಿಸಿಲು ಕಂಡರೂ ಹಗ್ಗದ ಮೇಲೆ ಹರವಿ ಒಣಗಿಸಬಹುದು. ಒಂದು ಬದಿ ಮಾಸಿದರೆ ಮಗುಚಿ ಹಾಸಬಹುದು.

ಗಲೀಚೆಯೇ ಬೇಕೆನ್ನುವವರು ಒಬ್ಬರೇ ಎತ್ತಬಲ್ಲ ಚಿಕ್ಕ ಅಳತೆಯದನ್ನು ಆರಿಸಿಕೊಳ್ಳಲಿ. ಮಳೆ ಹಿಡಿಯುವ ಮೊದಲೇ ಅದನ್ನು ಚೆನ್ನಾಗಿ ಒಣಗಿಸಿ, ಮಡಚದೆ ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನ ಬದಲು ಹತ್ತಿಬಟ್ಟೆಯಲ್ಲಿ ನುಸಿಗುಳಿಗೆಯೊಂದಿಗೆ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಸೆಪ್ಟೆಂಬರ್‌ವರೆಗೆ ಇಡಬೇಕಾಗುತ್ತದೆ.