ಗದ್ದೆಯಲ್ಲಿ ಕತ್ತಿ, ಜಗಲಿಯಲ್ಲಿ ಮಾತು: ಮೂರು ಥರದ ಲಾರ್ಪ್ ಆಡಿ ನೋಡಿದೆವು

ಲಾರ್ಪ್ ಅಂದರೆ ಪಾತ್ರ ಹಿಡಿದು, ವೇಷ ಹಾಕಿ, ಕತೆಯೊಳಗೇ ಓಡಾಡುವ ಆಟ. ನೋಡುವವರಿಲ್ಲ, ಬರೆದಿಟ್ಟ ಮಾತಿಲ್ಲ. ತೀರ್ಥಹಳ್ಳಿ ಕಡೆಯ ನಾವು ಒಂಬತ್ತು ಜನ ಇದನ್ನು ಮೂರು ಥರ ಆಡಿದೆವು.

ಮೊದಲು ಕತ್ತಿ. ಪಿವಿಸಿ ಪೈಪಿಗೆ ಎಸಿಯವರು ಬಳಸುವ ಕಪ್ಪು ಫೋಮ್ ತೊಡಿಸಿ ಟೇಪ್ ಸುತ್ತಿದರೆ ಕತ್ತಿ ರೆಡಿ, ಆದರೆ ತುದಿಯಲ್ಲಿ ಫೋಮ್ ಎರಡಿಂಚು ಜಾಸ್ತಿ ಬಿಡಿ, ಇಲ್ಲದಿದ್ದರೆ ಪೈಪ್ ಚುಚ್ಚುತ್ತದೆ. ಕೈಗೆ ಬಿದ್ದರೆ ಕೈ ಹೋಯಿತು, ಎದೆಗೆ ಬಿದ್ದರೆ ಸತ್ತ, ತಲೆಗೆ ಹೊಡೆಯುವಂತಿಲ್ಲ. ಅಮೆರಿಕದ ಡಾಗೊರ್‌ಹಿರ್ ಎಂಬ ಲಾರ್ಪ್ ಗುಂಪಿನವರು 1977ರಿಂದ ಹೆಚ್ಚುಕಮ್ಮಿ ಹೀಗೇ ಹೊಡೆದಾಡುತ್ತಿದ್ದಾರೆ. ಕೊಯ್ಲಾದ ಗದ್ದೆಯಲ್ಲಿ ಮಜಾ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಪೆಟ್ಟು ಬಿದ್ದವನೇ ಒಪ್ಪಿಕೊಳ್ಳಬೇಕಲ್ಲ, ಅರ್ಧ ಹೊತ್ತು 'ಬಿತ್ತು', 'ಎಲ್ಲಿ ಬಿತ್ತು ಮಾರಾಯ' ಎನ್ನುವುದರಲ್ಲೇ ಹೋಯಿತು.

ಅವತ್ತಿನ ಕತೆ ಎಲ್ಫ್‌ಗಳದು, ಅಂದರೆ ಇಂಗ್ಲಿಷ್ ಕತೆಗಳಲ್ಲಿ ಬರುವ ಚೂಪು ಕಿವಿಯ ಮಾಯಾಜನರದು. 'ನಾನು ಎಲ್ಫ್' ಎಂದವನಿಗೆ ಮುಂದಿನ ಮಾತೆಲ್ಲ ಇಂಗ್ಲಿಷಲ್ಲೇ ಬಂತು, ನಮಗೆ ನಗು ತಡೆಯಲಾಗಲಿಲ್ಲ.

ಮಳೆ ಹಿಡಿದ ಮೇಲೆ ಜಗಲಿಗೆ ಬಂದೆವು. 1689, ಕೆಳದಿ ಚೆನ್ನಮ್ಮನ ದರ್ಬಾರು. ಶಿವಾಜಿಯ ಮಗ ರಾಜಾರಾಮ ಬಂದಿದ್ದಾನೆ, ಹಿಂದೆ ಮೊಘಲರು. ಆಶ್ರಯ ಕೊಡಬೇಕಾ ಬೇಡವಾ? ಎಲ್ಲ ಮಾತಲ್ಲೇ, ಹೊಡೆದಾಟಕ್ಕೆ ಬಂದರೆ ಕಲ್ಲು-ಕಾಗದ-ಕತ್ತರಿ. ಅಮೆರಿಕದ ರಕ್ತಪಿಶಾಚಿ ಲಾರ್ಪ್‌ಗಳಲ್ಲಿ ತೊಂಬತ್ತರ ದಶಕದಿಂದಲೇ ಈ ಪದ್ಧತಿ ಇದೆ. ನಮಗದು ತಾಳಮದ್ದಳೆ ಅಲ್ವಾ! ವೇಷವಿಲ್ಲದೆ ಕೂತು ಅರ್ಥ ಹೇಳುವುದನ್ನು ಸಣ್ಣವರಿದ್ದಾಗಿಂದ ಕೇಳಿದ್ದೇವೆ. ಎಲ್ಫ್ ಆಗಿ ತಡವರಿಸಿದವನೇ ಮಂತ್ರಿಯಾಗಿ ಇಪ್ಪತ್ತು ನಿಮಿಷ ಬಿಡದೆ ಮಾತಾಡಿದ, ನಡುವೆ ಕಾಲಿಗೆ ಹತ್ತಿದ ಉಂಬಳವನ್ನೂ 'ಮೊಘಲರ ಗೂಢಚಾರ' ಎಂದು ಕಿತ್ತೆಸೆದ.

ಮೂರನೆಯದು ನಾರ್ಡಿಕ್ ಥರ, ಅಂದರೆ ಸ್ವೀಡನ್, ನಾರ್ವೆ ಕಡೆಯದು. ಅಂಕವಿಲ್ಲ, ಗೆಲುವಿಲ್ಲ, ಪಾತ್ರದ ಮನಸ್ಸೇ ಆಟ. ಅಣ್ಣತಮ್ಮಂದಿರು ಅಡಿಕೆ ತೋಟ ಹಿಸ್ಸೆ ಮಾಡಿಕೊಳ್ಳುವ ಕತೆ ಇಟ್ಟೆವು. ತಪ್ಪಾಯಿತು. ತಮ್ಮನಾಗಿದ್ದ ಗೆಳೆಯನ ಮನೆಯಲ್ಲಿ ಆಗ ನಿಜಕ್ಕೂ ಹಿಸ್ಸೆ ನಡೆಯುತ್ತಿತ್ತು, ನಮಗೆ ಗೊತ್ತಿರಲಿಲ್ಲ. ಬಾವಿ ಯಾರ ಪಾಲಿಗೆ ಎನ್ನುವ ಹೊತ್ತಿಗೆ ಅವನ ದನಿ ಬದಲಾಯಿತು. ಪಾತ್ರದ ಸಂಕಟ ಆಡುವವನಿಗೂ ದಾಟುವುದಕ್ಕೆ ಅಲ್ಲಿ 'ಬ್ಲೀಡ್' ಅನ್ನುತ್ತಾರೆ. 'ಕಟ್' ಎಂದರೆ ತಕ್ಷಣ ಆಟ ನಿಲ್ಲಿಸುವ ನಿಯಮವೂ ಇದೆ. ನಾವು ಅದನ್ನು ಮೊದಲೇ ಹೇಳಿಕೊಟ್ಟಿರಲಿಲ್ಲ. ಅವನು ಸುಮ್ನೆ ಎದ್ದು ಹಿತ್ತಲಿಗೆ ಹೋದ.

ಹೊಸಬರು ಬಂದರೆ ನಾನು ದರ್ಬಾರಿಗೇ ಕೂರಿಸುತ್ತೇನೆ. ಹಿಸ್ಸೆಯಂಥ ಕತೆ ಆಡುವುದಾದರೆ ಮೊದಲು ಕಾಫಿ ಕುಡಿಯುತ್ತಾ, ಯಾರಿಗೆ ಯಾವ ವಿಷಯ ಬೇಡ ಎಂದು ಕೇಳಿಕೊಳ್ಳಬೇಕು. ಕತ್ತಿಗಳು ಅಟ್ಟದಲ್ಲಿ ಬೂಷ್ಟು ಹಿಡಿಯುತ್ತಿವೆ, ಗದ್ದೆ ಒಣಗಿದ ಮೇಲೆ ನೋಡೋಣ.